ಹೊಸ ಮನೆ ಸುತ್ತ ನೆಟ್ಟ ಗಿಡ ಯಾಕೆ ಏಳ್ತಿಲ್ಲ?

ಪ್ರಶ್ನೆ: ಸಾರ್ ನಮಸ್ತೆ. ಹಾಸನದಲ್ಲಿ ಸಾಲಗಾಮೆ ರಸ್ತೆ ಕಡೆ 40 ಬೈ 60 ಸೈಟಲ್ಲಿ ಮನೆ ಕಟ್ಟಿ ಗೃಹಪ್ರವೇಶ ಆಗಿ 8 ತಿಂಗಳಾಯ್ತು. ಉತ್ತರದ ಬಾಗಿಲು, ಎರಡು ಅಂತಸ್ತು. ಮುಂದೆ 10 ಅಡಿ, ಹಿಂದೆ 8 ಅಡಿ, ಎರಡು ಪಕ್ಕ ನಾಲ್ಕು ನಾಲ್ಕು ಅಡಿ ಜಾಗ ಬಿಟ್ಟಿದೀವಿ. ಹಿಂದಿನ ಸೈಟ್ ಇನ್ನೂ ಖಾಲಿ. ನರ್ಸರಿಯಿಂದ 6 ಸಾವಿರ ರೂಪಾಯಿ ಗಿಡ ತಂದು ನೆಟ್ಟೆ. ಮುಂದೆ ನೆಟ್ಟ ಮಲ್ಲಿಗೆ ಎಲೆ ಹಳದಿ ಆಗಿದೆ, ಕರಿಬೇವು ಒಂದು ಗೇಣೂ ಏರಿಲ್ಲ, ನಿಂಬೆ ಒಣಗೇ ಹೋಯ್ತು. ಅತ್ತೆ ಬೂದಿ ಹಾಕು ಅಂದ್ರು, ಹಾಕ್ದೆ, ಇನ್ನೂ ಹಳದಿ ಆಯ್ತು. ಕಟ್ಟೆಯಲ್ಲಿ ತುಳಸಿನೂ ಸೊರಗಿದೆ. ಯಜಮಾನ್ರು ಇದೆಲ್ಲ ತಲೆನೋವು ಬೇಡ, ಪೂರ್ತಿ ಇಂಟರ್‌ಲಾಕ್ ಹಾಕ್ಸಿಬಿಡೋಣ ಅಂತಿದಾರೆ. ಇಬ್ರೂ ಕೆಲಸಕ್ಕೆ ಹೋಗೋರು, ದಿನಕ್ಕೆ 20 ನಿಮಿಷ ಸಿಕ್ಕಿದ್ರೆ ಹೆಚ್ಚು. ಏನ್ ಮಾಡ್ಲಿ?

ಉತ್ತರ: ಅಮ್ಮಾ, ಮೊದಲು ಯಜಮಾನ್ರಿಗೆ ಹೇಳಿ ಒಂದು ಮಳೆಗಾಲ ತಡೀರಿ ಅಂತ. ನಿಮ್ ಕೈಗುಣ ಏನೂ ಕೆಟ್ಟಿಲ್ಲ, ನೀವು ಗಿಡ ನೆಟ್ಟಿರೋದು ಮಣ್ಣಲ್ಲೇ ಅಲ್ಲ, ಅಷ್ಟೇ ವಿಷಯ.

ಮನೆ ಕಟ್ಟೋವಾಗ ಏನಾಗುತ್ತೆ ನೆನಪು ಮಾಡ್ಕೊಳ್ಳಿ. ಪಾಯ ತೆಗೆದಾಗ ಮೇಲಿನ ಒಳ್ಳೆ ಮಣ್ಣು ಅಡಿಗೆ ಹೋಗಿ ಅಡಿಯ ಜೇಡಿ ಮೇಲೆ ಬಂತು, ಆಮೇಲೆ ಒಂದು ವರ್ಷ ಅದರ ಮೇಲೆ ಗಾರೆ ಕಲೆಸಿದ್ರು, ಸಿಮೆಂಟ್ ಬಾಂಡ್ಲಿ ತೊಳೆದ್ರು, ಜಲ್ಲಿ ಎಂ ಸ್ಯಾಂಡ್ ಲಾರಿ ಹತ್ತಿ ಇಳಿದು ನೆಲ ರೋಡ್ ಥರ ಗಟ್ಟಿ ಆಯ್ತು, ಪೇಂಟಿನವರು ಉಳಿದ ಪುಟ್ಟಿ ಅಲ್ಲೇ ಒಂದು ಮೂಲೆಗೆ ಸುರಿದ್ರು, ಕೊನೆಗೆ ಗೃಹಪ್ರವೇಶಕ್ಕೆ ಚೆನ್ನಾಗಿ ಕಾಣ್ಲಿ ಅಂತ ಮೇಸ್ತ್ರಿ ಒಂದು ಟ್ರ್ಯಾಕ್ಟರ್ ಕೆಮ್ಮಣ್ಣು ತರಿಸಿ ಅರ್ಧ ಅಡಿ ಹೊದಿಸಿಬಿಟ್ಟ. ಮೇಲೆ ನೋಡಿದ್ರೆ ಮೂಡಿಗೆರೆ ತೋಟದ ಮಣ್ಣು, ಕೆಳಗೆ ಇಟ್ಟಿಗೆ ಚೂರು. ಹಾಸನ ಚಿಕ್ಕಮಗಳೂರಿನ ಹೊಸ ಬಡಾವಣೆಗಳಲ್ಲಿ ನಾನು ಅಗೆಸಿ ನೋಡಿರೋ ಮನೆಗಳಲ್ಲಿ ಮುಕ್ಕಾಲು ಪಾಲು ಇದೇ ಕತೆ.

ನಂಬಿಕೆ ಬರ್ಲಿಲ್ಲ ಅಂದ್ರೆ ಎರಡು ಪರೀಕ್ಷೆ ಮನೇಲೇ ಮಾಡಿ, ದುಡ್ಡಿಲ್ಲ ಕಾಸಿಲ್ಲ. ಮಲ್ಲಿಗೆ ಬುಡದಿಂದ ಒಂದು ಅಡಿ ಪಕ್ಕಕ್ಕೆ, ಒಂದು ಅಡಿ ಆಳದಿಂದ ಹಿಡಿ ಮಣ್ಣು ತೆಗೆದು ತಟ್ಟೆಗೆ ಹಾಕಿ ನಾಲ್ಕು ಹನಿ ವಿನೆಗರ್ ಬಿಡಿ, ಇಲ್ಲದಿದ್ರೆ ನಿಂಬೆರಸ. ಸುಯ್ ಅಂತ ನೊರೆ ಬಂದ್ರೆ ಅದರಲ್ಲಿ ಸುಣ್ಣದಂಶ ಇದೆ ಅಂತ, ಅಂದ್ರೆ ಸಿಮೆಂಟ್ ಸೇರಿದೆ. ಎರಡನೇದು, ಒಂದು ಅಡಿ ಉದ್ದ ಅಗಲ ಆಳದ ಗುಂಡಿ ತೆಗೆದು ನೀರು ತುಂಬಿಸಿ, ಅದು ಇಂಗಿದ ಮೇಲೆ ಇನ್ನೊಂದ್ ಸಲ ತುಂಬಿಸಿ. ಸಾಯಂಕಾಲ ತುಂಬಿಸಿದ ನೀರು ಬೆಳಿಗ್ಗೆ ಹಾಲು ತರೋಕೆ ಹೋಗೋವಾಗ್ಲೂ ಹಾಗೇ ನಿಂತಿದ್ರೆ ನಿಮ್ಮ ನಿಂಬೆ ಒಣಗಿ ಸತ್ತಿಲ್ಲ, ಮುಳುಗಿ ಸತ್ತಿದೆ. ಗಟ್ಟಿ ಜೇಡಿಯಲ್ಲಿ ತೆಗೆದ ಗುಂಡಿ ಅಂದ್ರೆ ತಳ ತೂತಿಲ್ಲದ ಬಕೆಟ್ ಇದ್ದಂಗೆ, ಬೇರು ಕೊಳೆಯುತ್ತೆ, ಬೇರು ಕೊಳೆತ ಗಿಡಕ್ಕೆ ನೀರು ಎಳೆಯೋಕಾಗಲ್ಲ ಅದಕ್ಕೇ ಎಲೆ ಒಣಗುತ್ತೆ, ನಾವು ಒಣಗ್ತಿದೆ ಅಂತ ಇನ್ನೂ ಎರಡು ಚೊಂಬು ಹೆಚ್ಚು ಹಾಕ್ತೀವಿ.

ಈಗ ಹಳದಿ ಎಲೆ ವಿಷಯ. ಎಲೆ ಹಳದಿ ಆಯ್ತು ಅಂದಕೂಡ್ಲೇ ಎಲ್ರೂ ಯೂರಿಯಾ ಹಾಕ್ತಾರೆ. ಸ್ವಲ್ಪ ಬಗ್ಗಿ ನೋಡಿ, ಹಳದಿ ಆಗಿರೋದು ಕೆಳಗಿನ ಹಳೆ ಎಲೆನೋ ತುದಿಯ ಚಿಗುರೋ? ಹಳೆ ಎಲೆ ಪೂರ್ತಿ ಹಳದಿ ಆಗಿ ಉದುರಿದ್ರೆ ಸಾರಜನಕ ಕಮ್ಮಿ. ಚಿಗುರೆಲೆ ಹಳದಿ ಆಗಿ ನರ ಮಾತ್ರ ಹಸಿರು ಉಳಿದಿದ್ರೆ ಕಬ್ಬಿಣದ ಕೊರತೆ. ಹೊಸ ಮನೆ ಅಂಗಳದಲ್ಲಿ ಹೆಚ್ಚಾಗಿ ಕಾಣೋದು ಈ ಎರಡನೇದು. ಮಣ್ಣಲ್ಲಿ ಕಬ್ಬಿಣ ಇಲ್ಲ ಅಂತಲ್ಲ, ನಮ್ಮ ಕೆಮ್ಮಣ್ಣು ಕೆಂಪಗಿರೋದೇ ಕಬ್ಬಿಣದಿಂದ, ಆದ್ರೆ ಸಿಮೆಂಟ್ ಸೇರಿ ಮಣ್ಣು ಕ್ಷಾರ ಆದ್ರೆ ಬೇರಿಗೆ ಅದನ್ನ ಹೀರೋಕೆ ಬರಲ್ಲ. ಹುಂಡಿಯಲ್ಲಿ ದುಡ್ಡಿದೆ, ಬೀಗದ ಕೈ ಇಲ್ಲ. ಇಲ್ಲೇ ಅತ್ತೆಯವರ ಬೂದಿ ಕೈಕೊಟ್ಟಿದ್ದು. ಅವರ ಮೇಲೆ ಬೇಜಾರಾಗ್ಬೇಡಿ, ಅವರು ಹೇಳಿದ್ದು ಹಳ್ಳಿ ಹಿತ್ತಲಿಗೆ ಸರಿಯಾದ ಮಾತೇ, ಮಲೆನಾಡು ಸೆರಗಿನ ಹುಳಿ ಮಣ್ಣಿಗೆ ಬೂದಿ ಒಳ್ಳೇದು. ಆದ್ರೆ ಬೂದಿನೂ ಕ್ಷಾರ ಸಿಮೆಂಟೂ ಕ್ಷಾರ, ಉರಿಯೋ ಒಲೆಗೆ ತುಪ್ಪ ಸುರಿದಂಗಾಯ್ತು. ಮೊಟ್ಟೆ ಸಿಪ್ಪೆ ಪುಡಿನೂ ಸದ್ಯಕ್ಕೆ ಬೇಡ.

ತಕ್ಷಣಕ್ಕೆ ಮಲ್ಲಿಗೆ ಉಳಿಸ್ಕೊಳ್ಳೋಕೆ ಅನ್ನಭೇದಿ ತನ್ನಿ, ಗ್ರಂಥಿಗೆ ಅಂಗಡೀಲಿ ಅಥ್ವಾ ಗೊಬ್ಬರದ ಅಂಗಡೀಲಿ ಫೆರಸ್ ಸಲ್ಫೇಟ್ ಅಂದ್ರೂ ಕೊಡ್ತಾರೆ. ಲೀಟರ್ ನೀರಿಗೆ 5 ಗ್ರಾಂ, ಜೊತೆಗೆ 1 ಗ್ರಾಂ ಸಿಟ್ರಿಕ್ ಆಮ್ಲ, ಸಾಯಂಕಾಲ ಎಲೆ ಮೇಲೆ ಸ್ಪ್ರೇ, 10 ದಿನ ಬಿಟ್ಟು ಇನ್ನೊಂದ್ ಸಲ. ಹೊಸ ಟೈಲ್ಸ್ ಮೇಲೆ ಬಿದ್ರೆ ತುಕ್ಕು ಕಲೆ ಹೋಗಲ್ಲ, ಆಮೇಲೆ ಯಜಮಾನ್ರು ನನ್ನ ಬೈಬಾರ್ದು. ಇದು ಜ್ವರಕ್ಕೆ ಮಾತ್ರೆ ನುಂಗಿದಂಗೆ ಅಷ್ಟೇ, ರೋಗ ಇರೋದು ನೆಲದಲ್ಲಿ.

ನೆಲಕ್ಕೆ ಏನು ಮಾಡ್ಬೇಕು ಅಂದ್ರೆ, ಯುಗಾದಿ ಕಳೀತಿದ್ದಂಗೆ ಇಬ್ರು ಆಳು ಹಿಡಿದು ಪಿಕಾಸಿಯಲ್ಲಿ ಒಂದೂವರೆ ಅಡಿ ಅಗೆಸಿ. ಪೂರ್ತಿ ಅಂಗಳ ಅಲ್ಲ, ಎಲ್ಲಿ ಗಿಡ ಬೇಕೋ ಅಷ್ಟೇ, ಅದು ಎಲ್ಲಿ ಅಂತ ಮುಂದೆ ಹೇಳ್ತೀನಿ. ಗಾರೆ ಹೆಂಟೆ, ಇಟ್ಟಿಗೆ ಚೂರು, ಸಿಮೆಂಟ್ ಚೀಲದ ತುಂಡು ಆರಿಸಿ ತೆಗೀರಿ, ಮುಖ್ಯವಾಗಿ ಸೆಂಟ್ರಿಂಗ್ ಹಲಗೆ ಚೂರು ಒಂದೂ ಉಳೀಬಾರ್ದು, ಅದಕ್ಕೆ ಗೆದ್ದಲು ಬರುತ್ತೆ, ಇವತ್ತು ಹಲಗೆ ತಿಂದಿದ್ದು ನಾಳೆ ನಿಮ್ಮ ಬಾಗಿಲ ಚೌಕಟ್ಟಿಗೆ ಬರುತ್ತೆ. ಆಮೇಲೆ ಅದೇ ಮಣ್ಣಿಗೆ ಮೂರು ಬಾಂಡ್ಲಿಗೆ ಒಂದು ಬಾಂಡ್ಲಿಯಂತೆ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಿ. ಹಸಿ ಸಗಣಿ ಬೇಡ, ಗೊಣ್ಣೆ ಹುಳ ಬರುತ್ತೆ. ಸಕಲೇಶಪುರ ಬೇಲೂರು ಕಡೆ ನೆಂಟರಿದ್ರೆ ಕಾಫಿ ಸಿಪ್ಪೆ ಗೊಬ್ಬರ ತರಿಸ್ಕೊಳ್ಳಿ, ಆದ್ರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಮೆಷಿನ್‌ನಿಂದ ನೇರ ಬಂದಿದ್ದಲ್ಲ, ಒಂದು ವರ್ಷ ಗುಡ್ಡೆ ಹಾಕಿ ಕರಗಿದ್ದು. ಅರಸೀಕೆರೆ ಕಡೆಯಿಂದ ತೆಂಗಿನ ನಾರಿನ ಪುಡಿ ಸಿಗುತ್ತೆ, ಜೇಡಿ ಸಡಿಲ ಮಾಡೋಕೆ ಒಳ್ಳೇದು, ಎರಡು ಸಲ ನೀರಲ್ಲಿ ತೊಳೆದು ಹಾಕಿ, ಅದರಲ್ಲಿ ಉಪ್ಪಿರುತ್ತೆ.

ಹೊರಗಿನ ಮಣ್ಣು ತರಿಸೋ ಮುಂಚೆ ಒಂದು ಮಾತು. ನಾನು ನನ್ನ ಮನೆಗೆ ಆಸೆಪಟ್ಟು ಒಂದು ಲೋಡ್ ಕೆರೆಗೋಡು, ಅಂದ್ರೆ ಕೆರೆ ಹೂಳು, ಹೊಡೆಸಿದ್ದೆ. ಕಪ್ಪಗೆ ಬೆಣ್ಣೆ ಥರ ಇತ್ತು, ನೋಡಿದೋರೆಲ್ಲ ಹೊಗಳಿದ್ರು. ಒಂದು ತಿಂಗಳಿಗೆ ಅದರಿಂದ ಜೇಕು ಎದ್ದಿದ್ದು ನೋಡಿ, ಇವತ್ತಿಗೂ ಹೋಗಿಲ್ಲ, ಗಡ್ಡೆ ಗೋಲಿ ಥರ ಅಡಿಗಡಿಗೆ ಇಳಿದುಬಿಟ್ಟಿದೆ, ಮೇಲೆ ಕಿತ್ತಷ್ಟೂ ಕೆಳಗಿಂದ ಬರುತ್ತೆ. ಮೂವತ್ತು ವರ್ಷ ಬೇರೆಯೋರಿಗೆ ಪಾಠ ಹೇಳಿ ನಾನೇ ಮೋಸ ಹೋದೆ. ಹಾಗಾಗಿ ಯಾರೇ ಮಣ್ಣು ಮಾರಲಿ, ಮೊದಲು ಒಂದು ಕುಂಡದಷ್ಟು ತಂದು ನೀರು ಹಾಕಿ 15 ದಿನ ಇಟ್ಟು ಏನು ಹುಟ್ಟುತ್ತೆ ನೋಡಿ. ಜೇಕು, ಗರಿಕೆ ಎದ್ರೆ ಆ ಲೋಡ್ ಬೇಡ. ಕಾಂಗ್ರೆಸ್ ಗಿಡ ಬಂದ್ರೆ ಪರವಾಗಿಲ್ಲ, ಹೂ ಬಿಡೋ ಮುಂಚೆ ಕಿತ್ತರೆ ಮುಗೀತು.

ಅಗೆದಾದ ಮೇಲೆ ನರ್ಸರಿಗೆ ಓಡ್ಬೇಡಿ, ಇದು ನನ್ನ ಕಟ್ಟುನಿಟ್ಟಿನ ಮಾತು. ಏಪ್ರಿಲ್ ಕೊನೆಗೆ ಭರಣಿ ಮಳೆ ಬೀಳುತ್ತಲ್ಲ, ಆವಾಗ ಹಸಿರು ಗೊಬ್ಬರದ ಸೆಣಬಿನ ಬೀಜ ಎರಚಿಬಿಡಿ, 100 ಚದರ ಅಡಿಗೆ ಒಂದು ದೊಡ್ಡ ಹಿಡಿ ಸಾಕು. ಸೆಣಬು ಸಿಗದಿದ್ರೆ ಅಡುಗೆಮನೆ ಡಬ್ಬಿಯಲ್ಲಿರೋ ಅಲಸಂದೆ ಕಾಳೋ ಹುರುಳಿನೋ ಎರಚಿ. 45 ದಿನಕ್ಕೆ ಹೂ ಬರೋ ಹೊತ್ತಿಗೆ ಕತ್ತರಿಸಿ ಅಲ್ಲೇ ಮಣ್ಣಿಗೆ ಮಗುಚಿ. ಇವುಗಳ ಬೇರಿನ ಗಂಟಲ್ಲಿ ಸಾರಜನಕ ಹಿಡಿಯೋ ಸೂಕ್ಷ್ಮಾಣು ಇರುತ್ತೆ, ಜೊತೆಗೆ ಆ ಬೇರು ಗಟ್ಟಿ ನೆಲ ಒಡೆಯೋ ಕೆಲಸ ಆಳಿನ ಪಿಕಾಸಿಗಿಂತ ಚೆನ್ನಾಗಿ ಮಾಡುತ್ತೆ, ಕೂಲಿನೂ ಕೇಳಲ್ಲ. ಮಗುಚಿ ಮೂರು ವಾರ ಬಿಟ್ರೆ ಜುಲೈ ಬರುತ್ತೆ, ನಮ್ಮೂರ ಸೋನೆ ಶುರುವಾಗಿರುತ್ತೆ, ಗಿಡ ನೆಡೋಕೆ ಅದಕ್ಕಿಂತ ಒಳ್ಳೆ ಕಾಲ ಇಲ್ಲ. ಮಣ್ಣಿನ ಲ್ಯಾಬ್ ರಿಪೋರ್ಟ್ ಬೇಕೇ ಬೇಕು ಅನ್ಸಿದ್ರೆ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಇನ್ನು ಬಿಸಿಲು. ಉತ್ತರದ ಬಾಗಿಲು ವಾಸ್ತುಗೆ ಒಳ್ಳೇದು ಅಂತ ಎಲ್ರೂ ಕಟ್ಟಿಸ್ತಾರೆ, ಗಿಡಕ್ಕೆ ಯಾರೂ ಕೇಳಲ್ಲ. ಹಾಸನ ಇರೋದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ ಮಧ್ಯಾಹ್ನದ ಸೂರ್ಯ ನಮ್ಮ ತಲೆ ದಾಟಿ ಉತ್ತರಕ್ಕಿರುತ್ತಾನೆ, ಉಳಿದ ಕಾಲ ಪೂರ್ತಿ ದಕ್ಷಿಣಕ್ಕೆ ವಾಲಿರ್ತಾನೆ. ಡಿಸೆಂಬರ್ ಮೂರನೇ ವಾರದಲ್ಲಿ ನಿಮ್ಮ 20 ಅಡಿ ಎತ್ತರದ ಮನೆಯ ನೆರಳು ಮಟಮಟ ಮಧ್ಯಾಹ್ನಕ್ಕೂ ಉತ್ತರಕ್ಕೆ ಸುಮಾರು 15 ಅಡಿ ಚಾಚುತ್ತೆ. ನಿಮ್ಮ ಮುಂದಿನ ಅಂಗಳ ಇರೋದೇ 10 ಅಡಿ. ಬಿಸಿಲು ಬರೋ ಜೂನ್ ಜುಲೈಯಲ್ಲಿ ನೋಡಿದ್ರೆ ಮೋಡ! ನಿಮ್ಮ ತುಳಸಿ ಸೊರಗಿದ್ದು ಇದಕ್ಕೇ, ದೋಷನೂ ಇಲ್ಲ ದೃಷ್ಟಿನೂ ಇಲ್ಲ. ಸರಿಯಾಗಿ ತುಳಸಿ ಹಬ್ಬದ ಹೊತ್ತಿಗೆ, ಕಾರ್ತಿಕದಲ್ಲಿ, ಕಟ್ಟೆ ಪೂರ್ತಿ ನೆರಳಿಗೆ ಹೋಗಿರುತ್ತೆ, ಪೂಜೆಗೆ ನೋಡಿದ್ರೆ ಬರೀ ಕಡ್ಡಿ. ಕಟ್ಟೆ ಒಡೆಯೋದೇನೂ ಬೇಡ. ಕಟ್ಟೆಯೊಳಗೆ ಕೂರೋ ಅಳತೆಯ ಎರಡು ಕುಂಡ ಇಟ್ಕೊಳ್ಳಿ, ಎರಡರಲ್ಲೂ ತುಳಸಿ, ಒಂದು ಕಟ್ಟೆಯಲ್ಲಿ ಒಂದು ತಾರಸಿಯಲ್ಲಿ, 15 ದಿನಕ್ಕೊಂದ್ ಸಲ ಅದಲು ಬದಲು.

ಮುಂದಿನ ಅಂಗಳಕ್ಕೆ ಅರೆನೆರಳು ತಡೆಯೋ ಗಿಡ ಸಾಕು. ನಂದಿಬಟ್ಟಲು, ಕಾಂಪೌಂಡ್ ಗೋಡೆಗೆ ವೀಳ್ಯದೆಲೆ ಬಳ್ಳಿ, ಆಂಥೂರಿಯಂ, ಮಳೆಗಾಲಕ್ಕೆ ಕರ್ಣಕುಂಡಲ. ಕುಂಡದಲ್ಲಿ ಪೊದೆ ಮೆಣಸು ಇಡಿ ಅಂತ ನಾನು ಎಲ್ರಿಗೂ ಹೇಳ್ತೀನಿ, ಕಾಳುಮೆಣಸಿನ ಅಡ್ಡರೆಂಬೆಯಿಂದ ಮಾಡಿದ ಗಿಡ ಅದು, ಮರ ಹತ್ತಲ್ಲ, ಸೊಂಟದೆತ್ತರ ಪೊದೆಯಾಗಿ ಕಾಳು ಬಿಡುತ್ತೆ, ಸಾರಿಗೆ ಹಸಿ ಮೆಣಸು ಕಿತ್ಕೊಂಡು ಹೋಗಬಹುದು. ಮಲ್ಲಿಗೆನ ಅಲ್ಲಿಂದ ಕೀಳಿಸಿ. ಅದಕ್ಕೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು, ನೆರಳಲ್ಲಿ ಬಳ್ಳಿ ಬೆಳೆಯುತ್ತೆ ಮೊಗ್ಗು ಬರಲ್ಲ. ದಾಸವಾಳದ್ದೂ ಅದೇ ಹಣೆಬರಹ.

ಹಿಂದೆ ದಕ್ಷಿಣಕ್ಕಿರೋ 8 ಅಡಿನೇ ನಿಮ್ಮ ನಿಜವಾದ ತೋಟ. ನೀವು ಬರೆದಿದೀರಲ್ಲ 20 ನಿಮಿಷ ಅಂತ, ಆ 20 ನಿಮಿಷ ತೋಟಕ್ಕೆ ಅಂತ ಬೇರೆ ಎತ್ತಿಡೋಕೆ ಹೋದ್ರೆ ಒಂದು ವಾರ ನಡೆಯುತ್ತೆ, ಎರಡನೇ ವಾರ ಮಕ್ಕಳ ಪರೀಕ್ಷೆ ಬರುತ್ತೆ. ನೀವು ದಿನಾ ಎಲ್ಲಿ ಕಾಲಿಡ್ತೀರೋ ಅಲ್ಲೇ ಗಿಡ ಇರ್ಬೇಕು. ಅಡುಗೆಮನೆಯಿಂದ ಯುಟಿಲಿಟಿಗೆ, ಯುಟಿಲಿಟಿಯಿಂದ ಬಟ್ಟೆ ಒಣಹಾಕೋ ತಂತಿಗೆ, ಅಲ್ಲಿಂದ ಕಸದ ಡಬ್ಬಿಗೆ. ಈ ದಾರಿ ಪಕ್ಕದ ಗಿಡ ತಾನಾಗೇ ಬದುಕುತ್ತೆ, ಯಾಕಂದ್ರೆ ಹುಳ ಬಿದ್ದಿದ್ದು ಮೊದಲ ದಿನವೇ ಕಣ್ಣಿಗೆ ಬೀಳುತ್ತೆ, ಅಕ್ಕಿ ತೊಳೆದ ನೀರು ಕೈಯಲ್ಲೇ ಇರುತ್ತೆ. ಕಾಂಪೌಂಡ್ ಮೂಲೆಯಲ್ಲಿ ನೆಟ್ಟಿದ್ದು ಭಾನುವಾರ ನೋಡೋಣ ಅಂತ ಉಳಿದುಹೋಗುತ್ತೆ. ಕರಿಬೇವು ಯುಟಿಲಿಟಿ ಬಾಗಿಲಿಂದ ನಾಲ್ಕು ಹೆಜ್ಜೆಯಲ್ಲಿರ್ಲಿ, ಒಗ್ಗರಣೆ ಸಿಡೀತಿರೋವಾಗ ಓಡಿ ಕಿತ್ಕೊಂಡು ಬರೋ ದೂರ. ಪದೇ ಪದೇ ತುದಿ ಚಿವುಟಿದಷ್ಟೂ ಕವಲೊಡೆಯುತ್ತೆ. ಅದರ ಬುಡದ ಸುತ್ತ ದೊಡ್ಡಪತ್ರೆ, ಒಂದೆಲಗ, ಪಕ್ಕದಲ್ಲಿ ಚಕ್ರಮುನಿ ಸೊಪ್ಪು, ಒಂದು ಬುಡ ಮಜ್ಜಿಗೆ ಹುಲ್ಲು. ಮಲ್ಲಿಗೆ, ದಾಸವಾಳ ಬಟ್ಟೆ ತಂತಿ ಪಕ್ಕಕ್ಕೆ.

ಆದ್ರೆ ಮನೆ ಗೋಡೆಯಿಂದ ಎರಡು ಅಡಿ ಬಿಟ್ಟೇ ಪಾತಿ ಮಾಡಿ. ಪಾಯಕ್ಕೆ ಗೆದ್ದಲು ಔಷಧಿ ಹೊಡೆಸಿರ್ತಾರೆ, ಆ ಮಣ್ಣಲ್ಲಿ ಸೊಪ್ಪು ಬೆಳೆದು ತಿನ್ನೋದು ಬೇಡ, ಗೋಡೆಗೂ ತೇವ ಹತ್ತಲ್ಲ.

ಪಾತ್ರೆ ತೊಳೆದ ನೀರು ಎಲ್ಲಿಗೆ ಹೋಗ್ತಿದೆ? ಹಳೆ ಮನೆಗಳಲ್ಲಿ ಬಚ್ಚಲ ಮೋರಿ ಬಾಯಲ್ಲಿ ಯಾವಾಗ್ಲೂ ಬಾಳೆ, ಕೆಸು ಇರ್ತಿತ್ತು, ಅದೇನು ಅಲಂಕಾರಕ್ಕಲ್ಲ, ಆ ನೀರು ಕುಡಿಯೋಕೆ. ಹಿಂದಿನ ಪಶ್ಚಿಮ ಮೂಲೆಗೆ ಆ ಪೈಪ್ ತಿರುಗಿಸಿ ಒಂದು ಏಲಕ್ಕಿ ಬಾಳೆ, ಅದರಡಿ ಕೆಸು, ಕಾಬಾಳೆ ಹಾಕಿ. ಜಿಡ್ಡು ಹಿಡಿಯೋಕೆ ಪೈಪ್ ಬಾಯಿಗೆ ಜಲ್ಲಿ ತುಂಬಿದ ಸಣ್ಣ ಗುಂಡಿ ಇರ್ಲಿ. ವಾಷಿಂಗ್ ಮೆಷಿನ್ ನೀರು ಮಾತ್ರ ಬೇಡ, ಡಿಟರ್ಜೆಂಟ್ ಸೋಡಿಯಂ ಸೇರಿದ್ರೆ ಮಣ್ಣು ಮತ್ತೆ ಗಟ್ಟಿಯಾಗುತ್ತೆ. ತಾರಸಿ ಮಳೆನೀರು ಚರಂಡಿಗೆ ಬಿಡೋರನ್ನ ಕಂಡ್ರೆ ನನಗೆ ಹೊಟ್ಟೆ ಉರಿಯುತ್ತೆ. ಸುತ್ತ ಬಿಟ್ಟ ಸೆಟ್‌ಬ್ಯಾಕ್ ಜಾಗ ಕಳೆದು ನಿಮ್ಮ ತಾರಸಿ ಸುಮಾರು 1,300 ಚದರ ಅಡಿ ಬರುತ್ತೆ, ಅದರ ಮೇಲೆ 10 ಮಿಲಿಮೀಟರ್ ಮಳೆ ಬಿದ್ರೆ ಹತ್ತಿರ ಹತ್ತಿರ 1,200 ಲೀಟರ್. ಒಂದು ಡ್ರಮ್ ಇಟ್ರೂ ಹೇಮಾವತಿ ನೀರು ಬರದ ದಿನಕ್ಕೆ ಆಗುತ್ತೆ.

ಅಡುಗೆಮನೆ ಹಸಿ ಕಸ ಗಾಡಿಗೆ ಕೊಡ್ಬೇಡಿ. ಎರಡು ಹಳೆ ಡ್ರಮ್‌ಗೆ ಸುತ್ತ ತೂತು ಹೊಡೆಸಿ, ಒಂದು ಪಾಲು ಹಸಿ ಕಸಕ್ಕೆ ಎರಡು ಪಾಲು ಒಣ ಎಲೆ, ವಾರಕ್ಕೊಂದ್ ಸಲ ಹುಳಿ ಮಜ್ಜಿಗೆ ನೀರು. ಕಾಫಿ ಚರಟ ಧಾರಾಳವಾಗಿ ಹಾಕಿ, ನಮ್ಮೂರ ಮನೇಲಿ ಅದಕ್ಕೇನು ಬರ. ವಾಸನೆ ಬಂದ್ರೆ ಒಣ ಎಲೆ ಕಮ್ಮಿ ಆಗಿದೆ ಅಂತ ಅರ್ಥ. ದಪ್ಪ ಹುಳ ಕಂಡ್ರೆ ಕಿರುಚ್ಬೇಡಿ, ಕಸ ಕರಗಿಸೋದೇ ಅವು. ಮೂರು ತಿಂಗಳಿಗೆ ಒಂದು ಡ್ರಮ್ ಗೊಬ್ಬರ ಆಗುತ್ತೆ.

ನಿಂಬೆ ಇನ್ನೊಂದು ನೆಡಿ, ಆದ್ರೆ ಎರಡು ಅಡಿ ಗುಂಡಿ ತೆಗೆದು ಸುತ್ತಲಿನ ನೆಲಕ್ಕಿಂತ ಮುಕ್ಕಾಲು ಅಡಿ ಎತ್ತರದ ದಿಬ್ಬದ ಮೇಲೆ. ನುಗ್ಗೆ, ಸೀಬೆ ಎರಡೂ ಆಸೆ ಪಡ್ಬೇಡಿ, ಒಂದೇ. ತೆಂಗು ಬೇಡವೇ ಬೇಡ, ಈಗ ಚೆಂದ, ಹತ್ತು ವರ್ಷಕ್ಕೆ ಪಕ್ಕದ ಮನೆ ಕಾರ್ ಮೇಲೆ ಮಟ್ಟೆ ಬಿದ್ದ ದಿನ ಜಗಳ ಶುರು. ಆಕಾಶಮಲ್ಲಿಗೆನೂ ಮನೆ ಹತ್ತಿರ ಬೇಡ, ಗಾಳಿಗೆ ಮುರಿಯೋ ಮರ ಅದು.

ತರಕಾರಿನ ನೆಲದಲ್ಲಿ ಮಾಡ್ಬೇಡಿ, ಹಿಂದಿನ ಸೈಟಲ್ಲಿ ನಾಳೆ ಮನೆ ಎದ್ರೆ ಚಳಿಗಾಲದ ಬಿಸಿಲು ಹೋಯ್ತು. ತಾರಸಿ ಮೇಲೆ ಚೀಲಗಳಲ್ಲಿ ಮಾಡಿ. ಒಂದು ಘನ ಅಡಿ ಒದ್ದೆ ಮಣ್ಣು 45-50 ಕೆಜಿ ತೂಗುತ್ತೆ, ಅದಕ್ಕೆ ಚೀಲಗಳನ್ನ ಮಧ್ಯದಲ್ಲಿ ಗುಡ್ಡೆ ಹಾಕದೆ ಕೆಳಗೆ ಗೋಡೆ, ಬೀಮ್ ಇರೋ ಕಡೆ ಸಾಲಾಗಿಡಿ. ಟೊಮೆಟೊನ ಜುಲೈಯಲ್ಲಿ ನೆಡ್ಬೇಡಿ. ಹಾಸನದೋರಿಗೆ ಅಂಗಮಾರಿ ಅಂದ್ರೆ ಏನಂತ ಬಿಡಿಸಿ ಹೇಳ್ಬೇಕಾ, ನಮ್ಮ ಆಲೂಗಡ್ಡೆ ಹೊಲ ಒಂದು ವಾರದ ಜಡಿಗೆ ಕಪ್ಪಾಗೋದನ್ನ ನೋಡೇ ಬೆಳೆದೋರು ನಾವು, ಅದೇ ರೋಗ ಟೊಮೆಟೊಗೂ ಬರುತ್ತೆ, ಎರಡೂ ಒಂದೇ ಜಾತಿ ಗಿಡ. ಸೆಪ್ಟೆಂಬರ್ ಕೊನೆಗೆ ನೆಟ್ರೆ ಡಿಸೆಂಬರ್‌ಗೆ ಹಣ್ಣು. ಅವರೆ ಹಾಕೋ ಆಸೆ ಇದ್ರೆ ಹಳೆ ನಾಟಿ ಬೀಜ ಆಗಸ್ಟಲ್ಲಿ ಹಾಕಿ. ಫೆಬ್ರವರಿಯಲ್ಲಿ ಹಾಕಿ ಬರೀ ಬಳ್ಳಿ ಬಂತು ಹೂ ಬರ್ಲಿಲ್ಲ ಅಂತ ನನಗೆ ಪ್ರತಿ ವರ್ಷ ಯಾರಾದ್ರೂ ಕೇಳ್ತಾರೆ, ನಾಟಿ ಅವರೆಗೆ ಹಗಲು ಗಿಡ್ಡ ಆದ್ರೇನೇ ಹೂ. ವರ್ಷದಲ್ಲಿ ಯಾವಾಗ ಬೇಕಾದ್ರೂ ಬೇಕು ಅಂದ್ರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಚ್‌ಎ 3, ಎಚ್‌ಎ 4 ತಳಿ ಇದೆ, ಹಗಲಿನ ಲೆಕ್ಕ ಕೇಳಲ್ಲ, ಆದ್ರೆ ಸೊಗಡು ಬೇಕು ಅಂದ್ರೆ ಚಳಿಗಾಲದವರೆಗೆ ಕಾಯ್ಲೇಬೇಕು.

ದಾಸವಾಳಕ್ಕೆ ಬಿಳಿ ಹಿಟ್ಟು ತಿಗಣೆ ಬಂದೇ ಬರುತ್ತೆ. ಪೈಪಲ್ಲಿ ಜೋರಾಗಿ ನೀರು ಹೊಡೆದು, ಆಮೇಲೆ ಲೀಟರ್‌ಗೆ 5 ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಸೋಪ್ ನೀರು ಬೆರೆಸಿ ಸಾಯಂಕಾಲ ಹೊಡೀರಿ. ಇರುವೆ ಸಾಲು ಕಂಡ್ರೆ ಅದನ್ನೂ ತಡೀರಿ, ತಿಗಣೆನ ಸಾಕೋದೇ ಇರುವೆ. ಮಳೆಗಾಲದಲ್ಲಿ ದೊಡ್ಡ ಆಫ್ರಿಕನ್ ಬಸವನಹುಳ ಬಂದ್ರೆ ರಾತ್ರಿ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯ ಎಲೆ ಇಟ್ಟು ಬೆಳಿಗ್ಗೆ ಗ್ಲೌಸ್ ಹಾಕಿ ಆರಿಸಿ ಉಪ್ಪುನೀರಿನ ಬಕೆಟ್‌ಗೆ ಹಾಕಿ. ಪಾತಿಗೇ ಉಪ್ಪು ಎರಚ್ಬೇಡಿ. ಕೋತಿಗೆ ನನ್ನ ಹತ್ರ ಮದ್ದಿಲ್ಲ, ಸೀಬೆ ಹಣ್ಣಾದ್ರೆ ಅರ್ಧ ಅವುಕ್ಕೆ ಅಂದ್ಕೊಳ್ಳಿ.

ಇಂಟರ್‌ಲಾಕ್ ಬಗ್ಗೆ ಯಜಮಾನ್ರ ಮಾತೂ ಪೂರ್ತಿ ತಪ್ಪಲ್ಲ, ಕೆಸರು ತುಳೀತಾ ಯಾರು ಓಡಾಡ್ತಾರೆ. ಕಾರ್ ನಿಲ್ಸೋ ಜಾಗಕ್ಕೆ, ಗೇಟಿಂದ ಬಾಗಿಲಿಗೆ, ಎರಡು ಪಕ್ಕದ 4 ಅಡಿಗೆ ಹಾಕ್ಸಿ, ಕಾಂಕ್ರೀಟ್ ಬೆಡ್ ಬೇಡ, ಮರಳಿನ ಮೇಲೆ ಕೂರಿಸ್ಲಿ, ನೀರು ಇಂಗುತ್ತೆ. ಕಾಂಪೌಂಡ್ ಉದ್ದಕ್ಕೆ ಮುಂದೆ ಎರಡು ಅಡಿ ಪಟ್ಟಿ, ಹಿಂದೆ ಗೋಡೆ ಪಕ್ಕದ ಎರಡು ಅಡಿ ಓಡಾಡೋ ದಾರಿ ಕಳೆದು ಉಳಿದ 6 ಅಡಿ ಮಣ್ಣು ಬಿಡಿಸ್ಕೊಳ್ಳಿ. ಇಂಟರ್‌ಲಾಕ್‌ನವರು ಅಳತೆ ತಗೊಳ್ಳೋಕೆ ಬರೋ ಮುಂಚೆ ಆ ಎರಡು ಕಡೆ ಸುಣ್ಣದಲ್ಲಿ, ಅಲ್ಲ ಅಲ್ಲ, ಸುಣ್ಣ ಬೇಡ, ರಂಗೋಲಿ ಪುಡೀಲಿ ಗೆರೆ ಎಳೆದಿಡಿ.